ದೇವರನ್ನು ಕೇಳುವ ಹಾಡು

ಕೇಳುಗರಿಗೆ ನಮಸ್ಕಾರ. ಇಂದು ಒಂದೇ ಒಂದು ಹಾಡಿನ ಬಗ್ಗೆ ಮಾತನಾಡುತ್ತೇನೆ. ಅದರ ಹೆಸರು ‘ಸಾರೋ’, ಎಂದರೆ ದುಃಖ. ಲಾಸ್ ಏಂಜಲೀಸಿನಲ್ಲಿ 1980ರಲ್ಲಿ ಹುಟ್ಟಿದ ‘ಬ್ಯಾಡ್ ರಿಲಿಜನ್’ ಎಂಬ ಪಂಕ್ ರಾಕ್ (ಜೋರು ಗಿಟಾರಿನ, ವೇಗದ ಸಂಗೀತ) ತಂಡ ಇದನ್ನು 2002ರಲ್ಲಿ ಹೊರತಂದಿತು. ಬರೆದವರು ತಂಡದ ಗಿಟಾರ್ ವಾದಕ ಬ್ರೆಟ್ ಗುರೆವಿಟ್ಜ್. ತಂಡದ ಹೆಸರಿನ ಅರ್ಥ ‘ಕೆಟ್ಟ ಧರ್ಮ’ ಎಂದು ತಿಳಿದ ಕೂಡಲೇ ದಯವಿಟ್ಟು ರೇಡಿಯೊ ಆರಿಸಬೇಡಿ. ದೇವರನ್ನು ಪ್ರಶ್ನಿಸುವವನೂ ಭಕ್ತನೇ ಎಂಬುದಷ್ಟೇ ನಾನು ಹೇಳಬೇಕಾದ ಮಾತು.

ಹಾಡಿನ ಬೇರು ಬೈಬಲ್ಲಿನ ಯೋಬನ ಕಥೆಯಲ್ಲಿದೆ. 7,000 ಕುರಿ, 3,000 ಒಂಟೆ, 10 ಮಕ್ಕಳಿದ್ದ ಆ ಸಜ್ಜನನು ದೇವರಿಗೂ ಸೈತಾನನಿಗೂ ನಡೆದ ಪಂಥದಲ್ಲಿ ಸಿಕ್ಕಿ, ಎಲ್ಲವನ್ನೂ ಕಳೆದುಕೊಂಡು, ಮೈತುಂಬ ಹುಣ್ಣಾಗಿ, ಬೂದಿಯಲ್ಲಿ ಕುಳಿತು ಬೋಕಿಯಿಂದ ಮೈ ಕೆರೆದುಕೊಳ್ಳುತ್ತಾನೆ. ಸಂತೈಸಲು ಬಂದ ಗೆಳೆಯರು ‘ನೀನೇ ಪಾಪ ಮಾಡಿರಬೇಕು’ ಎನ್ನುತ್ತಾರೆ. ನೊಂದವರ ಮುಂದೆ ಕರ್ಮದ ಲೆಕ್ಕ ತೆಗೆಯುವ ಇಂಥವರು ನಮ್ಮ ಓಣಿಗಳಲ್ಲಿಯೂ ಇದ್ದಾರೆ.

ಇಳಕಲ್ಲಿನ ಹತ್ತಿರದ ನಮ್ಮೂರಿನಲ್ಲಿ ಮೊಹರಮ್ಮಿಗೆ ರಿವಾಯತ್ ಎಂಬ ಶೋಕದ ಪದ ಹಾಡುವ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಒಂದು ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಈ ಹಾಡು ಹಚ್ಚಿದೆ. ಗಿಟಾರ್ ತಡೆತಡೆದು ಮಿಡಿಯುತ್ತಿದ್ದಷ್ಟು ಹೊತ್ತು ಕಾಕಾ ಎಲೆಗೆ ಸುಣ್ಣ ಸವರುತ್ತಲೇ ಇದ್ದರು. ಹಾಡು ಒಮ್ಮೆಲೇ ಓಟ ಕಿತ್ತಾಗ ಅವರ ಬೆರಳು ನಿಂತಿತು, ಬಲಗಾಲು ಮೊಹರಮ್ಮಿನ ಕುಣಿತವಾದ ಹೆಜ್ಜೆ ಮೇಳದ ಲೆಕ್ಕದಲ್ಲಿ ನೆಲ ತಟ್ಟತೊಡಗಿತು. ‘ಏನಂತಾನ ಅಂವ?’ ಎಂದರು. ‘ನಾನೇನು ತಪ್ಪು ಮಾಡಿದೆ ಎಂದು ತಂದೆಯನ್ನು ಕೇಳುತ್ತಿದ್ದಾನೆ’ ಎಂದೆ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾಕ ಬಡದಿ ಅಂತ ಅಪ್ಪನ್ನ ಕೇಳಬೇಕಂದ್ರ, ಅಪ್ಪ ಅದಾನ ಅನ್ನೋ ನಂಬಿಗಿ ಇರಬೇಕಲ್ಲೋ ತಮ್ಮಾ’ ಎಂದರು. ಬಳಿಕ ಎಲೆಯನ್ನು ಬದಿಗಿಟ್ಟು, ಇಮಾಮ್ ಹುಸೇನರು ಮಡಿದ ಕರ್ಬಲಾದಲ್ಲಿ ನೀರಿಲ್ಲದೆ ಬಾಯಾರಿದ ಕೂಸುಗಳ ಪದವನ್ನು ಎತ್ತಿಕೊಂಡರು. ಪಕ್ಕದ ಮನೆಯ ಮಗ್ಗದ ಸಪ್ಪಳ ನಿಂತುಹೋಯಿತು.

ಸಮಯ ಮುಗಿಯುತ್ತ ಬಂದಿರುವುದರಿಂದ ಪಂಕ್ ಸಂಗೀತದ ಚರಿತ್ರೆಯನ್ನು ಬಿಡುತ್ತೇನೆ. ಯಾರಿಗೆ ದೂರಲಿ ಎಂದು ಬಸವಣ್ಣನವರು ಕೂಡಲಸಂಗಮದೇವನನ್ನೇ ಕೇಳಿದ್ದನ್ನು ಮಾತ್ರ ನೆನಪಿಸುತ್ತೇನೆ. ಕೇಳದೆಯೇ ಇದನ್ನು ಗದ್ದಲವೆನ್ನುವವರು ದಯವಿಟ್ಟು ಮೂರೂವರೆ ನಿಮಿಷ ಕೊಡಬೇಕು. ಸೈನಿಕರು ಆಯುಧ ಕೆಳಗಿಟ್ಟಾಗ, ಅರಸರು ಕಿರೀಟ ತೊರೆದಾಗ, ಇಲ್ಲವೇ ನಿಜವಾದ ರಕ್ಷಕ ಬಂದಾಗ ದುಃಖ ಇರುವುದಿಲ್ಲ ಎಂದು ಹಾಡು ಹೇಳುತ್ತದೆ. ಈಗ ಅದನ್ನೇ ಕೇಳೋಣ. ಗಿಟಾರಿನ ಓಟ ಬದಲಾಗುವ ಕಡೆ ಗಮನವಿರಲಿ.