ಅಜ್ಜಮಾಡ ದೇವಯ್ಯ: ಸಾಕ್ಷಿ ಹೇಳಿದ್ದು ಎದುರಾಳಿ

ಎಲ್ರಿಗೂ ನಮಸ್ಕಾರ. ಪರಿಚಯ ಮಾಡಿಕೊಡುವಾಗ ನನ್ನ ಬಗ್ಗೆ ಜಾಸ್ತಿನೇ ಹೇಳಿಬಿಟ್ರು, ಅದನ್ನ ಬಿಡಿ. ಮಡಿಕೇರಿಗೆ ಹೋದವರು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಸರ್ಕಲ್ ನೋಡೇ ಇರ್ತೀರ, ಇವತ್ತು ಮಾತಾಡೋದು ಅವರ ಬಗ್ಗೆ.

ಹುಟ್ಟಿದ್ದು 1932ರಲ್ಲಿ, ಕೊಡಗಲ್ಲಿ. ಅಜ್ಜಮಾಡ ಅನ್ನೋದು ಮನೆತನದ ಹೆಸರು. 1954ರಲ್ಲಿ ಏರ್‌ಫೋರ್ಸ್ ಸೇರಿದ್ರು, 1965ರ ಭಾರತ-ಪಾಕಿಸ್ತಾನ ಯುದ್ಧದ ಹೊತ್ತಿಗೆ ಹುಡುಗರಿಗೆ ವಿಮಾನ ಹಾರಿಸೋದು ಕಲಿಸೋ ಇನ್‌ಸ್ಟ್ರಕ್ಟರ್ ಆಗಿದ್ರು. ಗೆಳೆಯರು ಕರೀತಿದ್ದಿದ್ದು 'ಟಬ್ಬಿ' ಅಂತ. ವಯಸ್ಸು 32, ಮನೇಲಿ ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದವರು ಪಠಾಣ್‌ಕೋಟ್ ಮೇಲೆ ಬಾಂಬ್ ಹಾಕಿದ್ರು. ಮಾರನೇ ದಿನ ಬೆಳಗಿನ ಜಾವ ಅದಕ್ಕೆ ಉತ್ತರವಾಗಿ ಆದಂಪುರದಿಂದ ವಿಂಗ್ ಕಮಾಂಡರ್ ತನೇಜಾ ಅವರ ನಾಯಕತ್ವದಲ್ಲಿ ನಂ. 1 ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ವಾಯುನೆಲೆ ಸರ್ಗೋಧಾ ಕಡೆ ಹೊರಟ್ವು. ದೇವಯ್ಯ ಇದ್ದಿದ್ದು ಸ್ಟ್ಯಾಂಡ್‌ಬೈ, ಅಂದ್ರೆ ಯಾರದ್ದಾದ್ರೂ ವಿಮಾನ ಕೈಕೊಟ್ರೆ ಮಾತ್ರ ಹೋಗ್ಬೇಕು, ಇಲ್ಲಾಂದ್ರೆ ಆರಾಮಾಗಿ ಉಳ್ಕೋಬಹುದಿತ್ತು. ಆದ್ರೂ ಹೋಗೋ ಗುಂಪಲ್ಲಿ ಸೇರ್ಕೊಂಡ್ರು.

ಇಲ್ಲಿ ಸ್ವಲ್ಪ ಲೆಕ್ಕ ನೋಡಿ. ಫ್ರಾನ್ಸಿನ ಮಿಸ್ಟೇರ್ ಗಂಟೆಗೆ ಹೆಚ್ಚುಕಮ್ಮಿ 1,100 ಕಿಲೋಮೀಟರ್ ಹೋಗೋ ವಿಮಾನ. ಅದರ ಬೆನ್ನು ಹತ್ತಿ ಬಂದಿದ್ದು ಅಮೆರಿಕದ ಎಫ್-104 ಸ್ಟಾರ್‌ಫೈಟರ್, ಅದರ ವೇಗ ಇದರ ಹತ್ತತ್ರ ಎರಡರಷ್ಟು. ಜೊತೆಗೆ ಮಿಸ್ಟೇರಲ್ಲಿ ಇಂಧನ ಸರ್ಗೋಧಾಗೆ ಹೋಗಿ ಬರೋಕಷ್ಟೇ ಇತ್ತು, ಮಧ್ಯದಲ್ಲಿ ನಿಂತು ಜಗಳ ಆಡಿದ್ರೆ ಮನೆಗೆ ವಾಪಸ್ ಬರೋದು ಅನುಮಾನ, ಇದು ಹೊರಟ ಎಲ್ಲರಿಗೂ ಗೊತ್ತು, ಪಾಠ ಹೇಳೋ ಮೇಷ್ಟ್ರಿಗೆ ಗೊತ್ತಿಲ್ದೇ ಇರುತ್ತಾ! ಸ್ಟಾರ್‌ಫೈಟರಲ್ಲಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರು ಹೊಡೆದ ಏಟು ದೇವಯ್ಯನವರ ವಿಮಾನಕ್ಕೆ ತಗುಲ್ತು. ಆದ್ರೆ ದೇವಯ್ಯ ತಪ್ಪಿಸ್ಕೊಂಡು ಓಡಲಿಲ್ಲ, ಏಟು ತಿಂದ ವಿಮಾನವನ್ನೇ ತಿರುಗಿಸಿ, ತೀರಾ ಕೆಳಗೆ ಹಾರ್ತಾ, ತನಗಿಂತ ಎಷ್ಟೋ ಜೋರಾಗಿ ಓಡೋ ಸ್ಟಾರ್‌ಫೈಟರಿಗೆ ಗುಂಡು ಹೊಡೆದ್ರು. ಅಮ್ಜದ್ ಪ್ಯಾರಾಶೂಟಲ್ಲಿ ಹಾರಿ ಬದುಕಿದ್ರು, ದೇವಯ್ಯ ಬದುಕಲಿಲ್ಲ.

ಇಷ್ಟೆಲ್ಲ ನಡೆದಿದ್ದನ್ನ ನಮ್ಮ ಕಡೆಯವರು ಒಬ್ಬರೂ ನೋಡಿರಲಿಲ್ಲ. ಉಳಿದವರು ಮುಂದೆ ಹೋಗಿಬಿಟ್ಟಿದ್ರು. ಹಾಗಾಗಿ ದಾಖಲೆಗೆ ಬಿದ್ದಿದ್ದು 'ನಾಪತ್ತೆ' ಅಂತ ಅಷ್ಟೇ. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆ ಕಡೆಯಿಂದ ಆ ಯುದ್ಧದ ಬಗ್ಗೆ ಪುಸ್ತಕ ಬರೆದಾಗ ಅಮ್ಜದ್ ಅವರ ಕಾದಾಟದ ವಿವರ ಅದರಲ್ಲಿ ಬಂತು, ಆ ಮಿಸ್ಟೇರ್ ಪೈಲಟ್ ಎಷ್ಟು ಚೆನ್ನಾಗಿ ಕಾದಿದ ಅನ್ನೋದೂ ಗೊತ್ತಾಯ್ತು. ಆ ಪೈಲಟ್ ನಾಪತ್ತೆಯಾಗಿದ್ದ ದೇವಯ್ಯ ಬಿಟ್ಟು ಬೇರೆ ಯಾರೂ ಆಗಿರೋಕೆ ಸಾಧ್ಯ ಇರಲಿಲ್ಲ. ಆಮೇಲೆ ತನೇಜಾ ಪಟ್ಟು ಹಿಡಿದು ಶಿಫಾರಸು ಮಾಡಿದ್ರು. ಯುದ್ಧದ ಶೌರ್ಯಕ್ಕೆ ಕೊಡೋ ಎರಡನೇ ಅತಿ ದೊಡ್ಡ ಪದಕ ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, ಸತ್ತು 23 ವರ್ಷ ಆದ್ಮೇಲೆ. ಪುಸ್ತಕ ಬಂದ ಮೇಲೂ ಒಂಬತ್ತು ವರ್ಷ ಯಾಕೆ ಬೇಕಾಯ್ತು ಅಂತ ನನಗಂತೂ ಸಿಟ್ಟೇ ಬರುತ್ತೆ.

ಅಂದ ಹಾಗೆ ಅಮ್ಜದ್ ಹುಸೇನ್ 1971ರ ಯುದ್ಧದಲ್ಲೂ ಸ್ಟಾರ್‌ಫೈಟರಲ್ಲೇ ಬಂದ್ರು, ಅಮೃತಸರದ ಹತ್ರ ವಿಮಾನ ಬಿತ್ತು, ನಮ್ಮವರ ಕೈಗೆ ಸೆರೆ ಸಿಕ್ಕಿದ್ರು. ಅಂದ್ರೆ ದೇವಯ್ಯನವರ ಕೊನೇ ಗಳಿಗೆ ನೋಡಿದ ಮನುಷ್ಯ ನಮ್ಮ ಜೈಲಲ್ಲೇ ಇದ್ರು.