ತುಂಡಾದ ರೇಷ್ಮೆದಾರ

ಕೇಳುಗರಿಗೆ ನಮಸ್ಕಾರ.

ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆಂಬುದು ಇಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟನು 1600ರಲ್ಲಿ, ಉಜ್ಜಿದ ಅಂಬರಿನ, ಅಂದರೆ ಕಲ್ಲಿನಂತೆ ಗಟ್ಟಿಯಾದ ಮರದ ರಾಳದ, ಸೆಳೆತವೇ ಬೇರೆ, ಅಯಸ್ಕಾಂತದ ಸೆಳೆತವೇ ಬೇರೆ ಎಂದು ತೋರಿಸಿಕೊಟ್ಟ ನಂತರವೂ, ಸೆಳೆಯುವ ಆ ವಿದ್ಯುತ್ ಗುಣವು ಉಜ್ಜಿದ ವಸ್ತುವನ್ನು ಬಿಟ್ಟು ಕದಲುವುದಿಲ್ಲವೆಂದೇ ಬಹುಕಾಲ ಭಾವಿಸಲಾಗಿತ್ತು.

ಆ ಭಾವನೆಯನ್ನು ಅಲುಗಿಸಿದವನು ಸ್ಟೀಫನ್ ಗ್ರೇ. ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಮನೆತನದವನು. ಮುಪ್ಪಿನಲ್ಲಿ ಲಂಡನ್ನಿನ ಚಾರ್ಟರ್‌ಹೌಸ್ ಎಂಬ ಧರ್ಮಸಂಸ್ಥೆಯ ಆಶ್ರಯದಲ್ಲಿದ್ದವನು. 1729ರಲ್ಲಿ ಅವನ ಬಳಿಯಿದ್ದ ಮುಖ್ಯ ಸಾಧನವೆಂದರೆ ಮೂರೂವರೆ ಅಡಿಯಷ್ಟು ಉದ್ದದ ಒಂದು ಗಾಜಿನ ಕೊಳವೆ. ಒಳಗೆ ಧೂಳು ಸೇರದಿರಲೆಂದು ಅದರ ತುದಿಗಳಿಗೆ ಬಿರಡೆ ಹಾಕಿದ್ದನು. ಕೊಳವೆಯನ್ನು ಉಜ್ಜಿದಾಗ ಪುಕ್ಕವೊಂದು, ಯಾರೂ ಉಜ್ಜದಿದ್ದ ಬಿರಡೆಯತ್ತ ಹಾರಿತು. ಬಿರಡೆಗೆ ಕಡ್ಡಿ ಚುಚ್ಚಿ, ಕಡ್ಡಿಯ ತುದಿಗೆ ದಂತದ ಗುಂಡು ಸಿಕ್ಕಿಸಿ ನೋಡಿದನು, ಗುಂಡೂ ಸೆಳೆಯಿತು. ಬಳಿಕ ದಾರ ಕಟ್ಟಿ ಮಹಡಿಯ ಮೇಲಿಂದ ಇಳಿಬಿಟ್ಟರೂ ಫಲ ಅದೇ.

ದಾರವನ್ನು ಅಡ್ಡಲಾಗಿ ಎಳೆಯಲು ಹೊರಟಾಗ ತೊಡಕಾಯಿತು. ತೊಲೆಗೆ ಕಟ್ಟಿದ ದಾರದಿಂದಲೇ ಅದನ್ನು ತೂಗುಬಿಟ್ಟಿದ್ದರಿಂದ ಶಕ್ತಿಯೆಲ್ಲ ತೊಲೆಗೆ ಸೋರಿಹೋಯಿತು. ಕೆಂಟ್ ಪ್ರಾಂತದ ಗೆಳೆಯ ಗ್ರ್ಯಾನ್ವಿಲ್ ವೀಲರ್, ಆಸರೆಗೆ ರೇಷ್ಮೆದಾರವನ್ನು ಸೂಚಿಸಿದನು; ಅದು ತೆಳ್ಳಗಿರುವುದರಿಂದ ಸೋರಿಕೆ ಕಡಿಮೆಯಾದೀತೆಂದು ಗ್ರೇ ಎಣಿಸಿದನು. ಜುಲೈ ತಿಂಗಳಲ್ಲಿ ವೀಲರನ ಮನೆಯಲ್ಲಿ 80 ಅಡಿ ದಾಟಿದ ದಾರದ ತುದಿಯಲ್ಲಿಯೂ ಸೆಳೆತ ಕಂಡುಬಂದಿತು. ಇನ್ನೂ ಉದ್ದ ಮಾಡಲು ಹೋದಾಗ ಭಾರ ತಾಳದೆ ರೇಷ್ಮೆ ತುಂಡಾಯಿತು. ಆಗ ತೆಳ್ಳಗಿನ, ಆದರೆ ಗಟ್ಟಿಯಾದ ಹಿತ್ತಾಳೆ ತಂತಿಯನ್ನು ಆಸರೆಯಾಗಿ ಕಟ್ಟಿದರು. ಕೊಳವೆಯನ್ನು ಎಷ್ಟು ಉಜ್ಜಿದರೂ ತುದಿಯ ಗುಂಡು ಏನನ್ನೂ ಸೆಳೆಯಲಿಲ್ಲ. ಹಾಗಾದರೆ ಶಕ್ತಿಯನ್ನು ತಡೆದು ನಿಲ್ಲಿಸಿದ್ದು ದಾರದ ತೆಳುವಲ್ಲ, ಅದು ರೇಷ್ಮೆಯಾಗಿದ್ದುದೇ ಎಂದು ಆಗ ಅವರಿಗೆ ಹೊಳೆಯಿತು. ವಿದ್ಯುತ್ತನ್ನು ಹರಿಯಬಿಡುವ ವಾಹಕ, ತಡೆಯುವ ನಿರೋಧಕ ಎಂದು ನಾವು ಮಾಡುವ ವಿಂಗಡಣೆ ಹುಟ್ಟಿದ್ದು, ನನ್ನ ಮಟ್ಟಿಗೆ, ಈ ಸೋಲಿನಲ್ಲಿಯೇ.

ಮರುವರ್ಷ ಗ್ರೇ ದಾರದ ಬದಲು ಒಬ್ಬ ಹುಡುಗನನ್ನೇ ಅಡ್ಡಲಾಗಿ ತೂಗುಬಿಟ್ಟನು! ಈ ಸಲ ಆಸರೆಗೆ ಆರಿಸಿಕೊಂಡದ್ದು ಬಟ್ಟೆ ಒಣಹಾಕುವಂಥ ಕೂದಲಿನ ಹಗ್ಗಗಳನ್ನು. ಉಜ್ಜಿದ ಕೊಳವೆಯನ್ನು ಹುಡುಗನ ಪಾದಗಳ ಬಳಿ ಹಿಡಿದಾಗ, ಹಿತ್ತಾಳೆಯ ತೆಳು ಹಾಳೆಯ ಚೂರುಗಳು ಅವನ ಮುಖದತ್ತ ಮೇಲೇಳತೊಡಗಿದವು.