ತಂತಿಯ ಅಳತೆಯಲ್ಲಿದೆ ಅಲೆಯ ಗುಟ್ಟು

(ಉಡುಪಿಯಲ್ಲಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ವಿದ್ಯಾರ್ಥಿ ಮಿತ್ರರೇ,

ನನ್ನ ಕೈಯಲ್ಲಿರುವುದು ಮನೆಯ ವೈರಿಂಗಿಗೆ ಬಳಸುವ ತಾಮ್ರದ ತಂತಿ. ಇದರಿಂದ 71 ಸೆಂಟಿಮೀಟರಿನ ಎರಡು ತುಂಡು ಕತ್ತರಿಸಿ, ಒಂದೇ ಗೆರೆಯಲ್ಲಿ ಅಡಿಕೆ ಸಲಾಕೆಗೆ ಕಟ್ಟಿ, ನಡುವೆ ಬಿಟ್ಟ ಸಣ್ಣ ಜಾಗದಿಂದ ಕೇಬಲ್ ಇಳಿಸಿದರೆ ಮಂಗಳೂರು ಆಕಾಶವಾಣಿಯ 100.3 ಮೆಗಾಹರ್ಟ್ಸ್‌ಗೆ ಆಂಟೆನಾ ಸಿದ್ಧ. ಲೆಕ್ಕ ಸುಲಭ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಇಲ್ಲಿ ಅದು ಹೆಚ್ಚುಕಡಿಮೆ 3 ಮೀಟರ್, ಅರ್ಧ ಅಲೆ ಒಂದೂವರೆ ಮೀಟರ್. ತಂತಿಯಲ್ಲಿ ಅದು ನೂರಕ್ಕೆ ಐದರಷ್ಟು ಗಿಡ್ಡವಾಗುತ್ತದೆ. ಉಳಿದ 142 ಸೆಂಟಿಮೀಟರನ್ನು ಎರಡು ತುಂಡಿಗೆ ಹಂಚಿದರೆ ತಲಾ 71.

ಬ್ರಹ್ಮಾವರದ 1089 ಕಿಲೋಹರ್ಟ್ಸ್‌ನ, ಅಂದರೆ 1.089 ಮೆಗಾಹರ್ಟ್ಸ್‌ನ ಮಧ್ಯಮ ತರಂಗಕ್ಕೂ ಇದೇ ಲೆಕ್ಕ ಹಾಕಿ: ಅಲೆಯ ಉದ್ದ 275 ಮೀಟರ್! ಅದರ ಅರ್ಧದಷ್ಟು ತಂತಿಯನ್ನಾದರೂ ಯಾರ ಅಂಗಳದಲ್ಲಿ ಎಳೆಯುವುದು? ಅದಕ್ಕೇ ಹಳೆಯ ರೇಡಿಯೊಗಳ ಒಳಗೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಕಡ್ಡಿಗೆ ಸುತ್ತಿದ ತಂತಿಯ ಸುರುಳಿ ಇರುತ್ತದೆ. ನನ್ನ ಅಜ್ಜ ವಾರ್ತೆಯ ಹೊತ್ತಿಗೆ ಜಗಲಿಯಲ್ಲಿ ರೇಡಿಯೊವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿದ್ದರು. ಕಡ್ಡಿಯ ತುದಿ ಕೇಂದ್ರದತ್ತ ಮುಖಮಾಡಿದರೆ ದನಿ ಕುಗ್ಗುತ್ತದೆ, ಅಡ್ಡ ನಿಂತರೆ ತುಂಬಿ ಬರುತ್ತದೆ. ಅಜ್ಜನಿಗೆ ಸೂತ್ರ ಗೊತ್ತಿರಲಿಲ್ಲ, ಕಿವಿಗೆ ಗೊತ್ತಿತ್ತು.

ಆಂಟೆನಾ ಮಾತ್ರ ಸಾಲದೆಂದು ನನಗೆ ಅರಿವಾದದ್ದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು 145.8 ಮೆಗಾಹರ್ಟ್ಸ್‌ನಲ್ಲಿ ಕೇಳಲು ತಾರಸಿ ಹತ್ತಿದಾಗ. ಆಂಟೆನಾ ಸರಿಯಾಗಿಯೇ ಇತ್ತು. ಆದರೆ ಊರಿನ ಎಫ್‌ಎಂ ಎಷ್ಟು ಪ್ರಬಲವೆಂದರೆ ಅಗ್ಗದ ರಿಸೀವರ್ ಅದರ ಅಬ್ಬರಕ್ಕೆ ಕಂಗೆಟ್ಟು, ಮೇಲಿನಿಂದ ಬರುವ ಕ್ಷೀಣ ದನಿಯನ್ನು ಹಿಡಿಯಲಾರದೆ ಹೋಯಿತು. ಬೇಡದ್ದನ್ನು ಬಾಗಿಲಲ್ಲೇ ತಡೆಯುವುದು ಫಿಲ್ಟರಿನ ಕೆಲಸ.

ಕಾಯಿಲ್, ಕೆಪಾಸಿಟರುಗಳಿಂದ ಫಿಲ್ಟರ್ ಮಾಡಬಹುದು. ನನಗೆ ಇಷ್ಟವಾದದ್ದು ಬರೀ ಕೇಬಲ್ ತುಂಡಿನದು. ನಡುವೆ ತಂತಿ, ಸುತ್ತ ಲೋಹದ ಜಾಲರಿ, ಇವೆರಡರ ನಡುವೆ ಗಟ್ಟಿ ಪಾಲಿಥೀನ್ ಪದರ ಇರುವ ಕೋಆಕ್ಸಿಯಲ್ ಕೇಬಲ್‌ನಲ್ಲಿ ಅಲೆಯ ವೇಗ ಬೆಳಕಿನ ವೇಗದ ಸುಮಾರು ಮೂರರಲ್ಲಿ ಎರಡು ಪಾಲು. ಹಾಗಾಗಿ 100.3ರ ಕಾಲು ಅಲೆ ಅದರಲ್ಲಿ 49 ಸೆಂಟಿಮೀಟರ್. ಆ ತುಂಡನ್ನು ಆಂಟೆನಾ ಕೇಬಲಿಗೆ ಟೀ ಕನೆಕ್ಟರಿನಲ್ಲಿ ಕವಲಾಗಿ ಜೋಡಿಸಿ, ಇನ್ನೊಂದು ತುದಿಯನ್ನು ಯಾವುದಕ್ಕೂ ಸೇರಿಸದೆ ಹಾಗೆಯೇ ಬಿಡಿ. ಕವಲಿಗೆ ನುಗ್ಗಿದ ಅಲೆ ಕಾಲು ಹೋಗಿ, ಕಾಲು ಮರಳಿ, ಒಟ್ಟು ಅರ್ಧ ಅಲೆಯಷ್ಟು ಹಿಂದೆ ಬೀಳುತ್ತದೆ. ಹೊರಟ ಜಾಗದಲ್ಲಿ ಆಂಟೆನಾದಿಂದ ಬರುವ ಅಲೆ ಏರಾಗಿದ್ದಾಗ ಕವಲಿನಿಂದ ಮರಳಿದ್ದು ಇಳಿತವಾಗಿರುತ್ತದೆ. ಎರಡೂ ಪರಸ್ಪರ ಅಳಿಸಿಹೋಗುತ್ತವೆ. 145.8ರಲ್ಲೂ ತುಸು ನಷ್ಟವಿದೆ, ಆದರೆ ಅಲ್ಪ. ಮೊದಲ ಬಾರಿ ಅದನ್ನು ಸಿಕ್ಕಿಸಿದೊಡನೆ ಎಫ್‌ಎಂ ಗದ್ದಲ ತಗ್ಗಿದ್ದು ಕಂಡು ನಾನು ತಾರಸಿಯಲ್ಲಿ ಒಬ್ಬನೇ ನಕ್ಕಿದ್ದೆ.

ನಮ್ಮ ಕರಾವಳಿಯ ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟುತ್ತದೆ, ಕೇಬಲ್ಲಿನೊಳಗೆ ಮಳೆನೀರು ಇಳಿಯುತ್ತದೆ. ಜೋಡಣೆಗಳನ್ನು ಭದ್ರವಾಗಿ ಮುಚ್ಚಿ. ಸಿಡಿಲಿನ ಸಂಜೆ ತಾರಸಿ ಹತ್ತಲೇಬೇಡಿ. ಮೋಡ ಕಟ್ಟುವ ಮೊದಲೇ ಕೇಬಲ್ ಕಳಚಿಡಿ. ಕೇಳುವುದಷ್ಟೇ ಅಲ್ಲ, ರೇಡಿಯೊದಲ್ಲಿ ಇತರ ಹವ್ಯಾಸಿಗಳೊಂದಿಗೆ ಮಾತಾಡುವ ಆಸೆಯೂ ಇದ್ದವರು ಪರೀಕ್ಷೆ ಬರೆದು ಹವ್ಯಾಸಿ ರೇಡಿಯೊ ಪರವಾನಗಿ ಪಡೆಯಬೇಕು.

ಈಗ ಟೇಪು, ಕಟ್ಟರ್ ತೆಗೆದುಕೊಳ್ಳಿ. ಎರಡು ಸೆಂಟಿಮೀಟರ್ ಹೆಚ್ಚೇ ಇಟ್ಟು ಕತ್ತರಿಸಿ. ಉಳಿದದ್ದನ್ನು ಕೇಳುತ್ತಾ ಕೇಳುತ್ತಾ ಕತ್ತರಿಸೋಣ.